ಬೊಲಾತ್ ಅಳೆದ ಬೇಸಿಗೆ

ಕಳೆದ ತಿಂಗಳು ಮೈಸೂರಿನಲ್ಲಿ ಅಕ್ಕನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಆ ಡಾಕ್ಟರಿಗೆ ಎಪ್ಪತ್ತು ದಾಟಿದೆ. ಎಕ್ಸರೇಯನ್ನು ಈಗಲೂ ಫಿಲಂನಲ್ಲೇ ತೆಗೆದು ಕೈಯಾರೆ ತೊಳೆಯುತ್ತಾರೆ. ಅವರ ಪುಟ್ಟ ಡಾರ್ಕ್‌ರೂಮಿನ ಬಾಗಿಲು ತೆರೆದದ್ದೇ ತಡ, ಮೂಗಿನ ಹೊಳ್ಳೆಗೆ ಚುಚ್ಚುವ ಹುಳಿ ವಾಸನೆಯೊಂದು ಹೊರಗೆ ಬಂತು. ಫಿಲಂ ತೊಳೆಯುವ ದ್ರಾವಣದ ವಾಸನೆ. "ಯಾಕೆ, ತಲೆ ಸುತ್ತುತ್ತಾ?" ಎಂದಳು ಅಕ್ಕ. ಇಲ್ಲ ಎಂದೆ. ಆದರೂ ಕುರ್ಚಿ ಹಿಡಿದುಕೊಂಡೇ ಕೂತೆ. ಎರಡು ಸಾವಿರದ ಏಳನೇ ಇಸವಿಯ ಬೇಸಿಗೆಯಿಡೀ ನನ್ನ ದುಪ್ಪಟ್ಟಾ, ಕೂದಲು, ಊಟದ ಡಬ್ಬಿ ಎಲ್ಲಕ್ಕೂ ಅಂಟಿಕೊಂಡಿದ್ದ ವಾಸನೆ ಅದು.

ಆಗ ನಾವು ಬಹರೈನಿನಲ್ಲಿದ್ದೆವು. ಗಂಡ ಒಂದು ಬ್ಯಾಂಕಿನಲ್ಲಿ ಆಡಿಟ್ ಕೆಲಸದಲ್ಲಿದ್ದರು. ಮಾಹೂಝ್‌ನಲ್ಲಿ ನಮ್ಮ ಫ್ಲ್ಯಾಟು. ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಮಾಡಿದವಳು. ಮದುವೆಯಾದ ಮೇಲೆ ಆರು ವರ್ಷ ಆ ಸರ್ಟಿಫಿಕೇಟು ಸೂಟ್‌ಕೇಸಿನ ತಳದಲ್ಲೇ ಇತ್ತು. ಮೀನಾ ಸಲ್ಮಾನ್ ಬಂದರಿನ ಪಕ್ಕ, ಗೋದಾಮುಗಳ ಸಾಲಿನಲ್ಲಿದ್ದ ಒಂದು ಸಣ್ಣ ಕಂಪನಿಗೆ ಭೌತಶಾಸ್ತ್ರ ಓದಿದವರು ಬೇಕಾಗಿದ್ದರು. ಹಡಗುಗಳ ಟ್ಯಾಂಕಿಗೆ, ಎಣ್ಣೆಯ ಪೈಪುಗಳಿಗೆ ಹಾಕಿದ ವೆಲ್ಡಿಂಗಿನಲ್ಲಿ ಬಿರುಕಿದೆಯೇ ಎಂದು ನೋಡುವ ಕಂಪನಿ ಅದು. ನಮ್ಮ ಎದೆಗೆ ಎಕ್ಸರೇ ತೆಗೆಯುವ ಹಾಗೆಯೇ ಕಬ್ಬಿಣಕ್ಕೂ ತೆಗೆಯುತ್ತಾರೆ. ಅದಕ್ಕೆ ಬಳಸುವುದು ಮೆಣಸಿನ ಕಾಳಿನಷ್ಟು ದೊಡ್ಡ ಒಂದು ವಿಕಿರಣದ ಗುಂಡು. ಅದನ್ನು ಭಾರದ ಪಾತ್ರೆಯೊಂದರಲ್ಲಿ ಮುಚ್ಚಿಟ್ಟಿರುತ್ತಾರೆ. ದೂರದಲ್ಲಿ ನಿಂತು ಹಿಡಿಕೆ ತಿರುಗಿಸಿದರೆ ಗುಂಡು ಕೇಬಲ್ಲಿನ ತುದಿಯಲ್ಲಿ ಹೊರಗೆ ಬರುತ್ತದೆ, ಹಿಂದಕ್ಕೆ ತಿರುಗಿಸಿದರೆ ಒಳಗೆ ಹೋಗುತ್ತದೆ. ಕೆಲಸದವರು ಎದೆಯ ಮೇಲೆ ಒಂದು ಬಿಲ್ಲೆ ಸಿಕ್ಕಿಸಿಕೊಂಡಿರಬೇಕು. ಯಾರ ಮೈಗೆ ಎಷ್ಟು ವಿಕಿರಣ ತಾಗಿತು ಎನ್ನುವುದು ಆ ಬಿಲ್ಲೆಯಲ್ಲಿ ಉಳಿಯುತ್ತದೆ. ತಿಂಗಳಿಗೊಮ್ಮೆ ಬಿಲ್ಲೆಗಳನ್ನು ಕೂಡಿಸಿ ಹೊರದೇಶದ ಲ್ಯಾಬಿಗೆ ಕಳಿಸುವುದು, ಬಂದ ವರದಿಯನ್ನು ದಪ್ಪ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಹನ್ನೆರಡು ಜನರ ಹೆಸರು. ಅವರ್ಯಾರೂ ತಮ್ಮ ಅಂಕಿ ಎಷ್ಟೆಂದು ಕೇಳಿದವರಲ್ಲ. ನಾನೂ ಹೇಳಿದವಳಲ್ಲ.

ಬೊಲಾತ್ ಬಂದದ್ದು ಮೇ ತಿಂಗಳಲ್ಲಿ. ತೊಳೆದ ಫಿಲಂಗಳನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ವೆಲ್ಡಿಂಗಿನ ದೋಷ ಓದುವ ಇನ್‌ಸ್ಪೆಕ್ಟರು. ಕಝಾಕಸ್ತಾನದವರು, ಅರವತ್ತರ ಹತ್ತಿರದ ವಯಸ್ಸು. ನನ್ನ ರಿಜಿಸ್ಟರಿನ ಹನ್ನೆರಡನೇ ಹೆಸರು ಅವರದು. ಅಗಲ ಮುಖ, ಸಣ್ಣ ಕಣ್ಣು, ಮಾತು ಕಡಿಮೆ. ಹರುಕುಮುರುಕು ಇಂಗ್ಲಿಷಿನಲ್ಲೇ ಎಲ್ಲ ವ್ಯವಹಾರ. ಬಂದ ಮೊದಲ ದಿನವೇ ಚೀಲದಿಂದ ಹಳೇ ಟ್ರಾನ್ಸಿಸ್ಟರ್ ರೇಡಿಯೋದಂಥ ಒಂದು ಪೆಟ್ಟಿಗೆ ತೆಗೆದು ತಮ್ಮ ಕುರ್ಚಿಗೆ ಹಿಡಿದರು, ಮೇಜಿಗೆ ಹಿಡಿದರು. ಅದು ಟಿಕ್ ಟಿಕ್ ಎಂದಿತು. ವಿಕಿರಣ ಅಳೆಯುವ ಮೀಟರ್ ಅದು. ಕಂಪನಿಯಲ್ಲೂ ಒಂದಿತ್ತು. ಆದರೆ ಸರಿಮಾಡಿಸಲು ಕಳಿಸಿದ್ದು ಆರು ತಿಂಗಳಾದರೂ ವಾಪಸ್ ಬಂದಿರಲಿಲ್ಲ.

ಮೊದಮೊದಲು ಎಲ್ಲರಿಗೂ ತಮಾಷೆ. ಚಹಾಕ್ಕೆ ಹಿಡಿಯುವರು, ಹಾಲಿನ ಪುಡಿಗೆ ಹಿಡಿಯುವರು, ಮೂಲೆಯ ಕೋಲ್ಡ್ ಸ್ಟೋರ್ ಎಂಬ ಕಿರಾಣಿ ಅಂಗಡಿಯಿಂದ ತಂದ ಖರ್ಜೂರಕ್ಕೆ ಹಿಡಿಯುವರು. ಹಿಡಿದಾದ ಮೇಲೆ ಒಂದು ನೀಲಿ ನೋಟುಪುಸ್ತಕದಲ್ಲಿ ಏನೋ ಬರೆದುಕೊಳ್ಳುವರು. "ನನ್ನ ಬನ್ಸಿಗೂ ಹಿಡಿದ ಮಾರಾಯ್ರೆ ಆ ಮಿಷಿನ್ ಅವ!" ಎಂದು ಲ್ಯಾನ್ಸಿ ನಕ್ಕಿದ್ದ. ಲ್ಯಾನ್ಸಿ ಕಿನ್ನಿಗೋಳಿ ಕಡೆಯ ಹುಡುಗ, ಇಪ್ಪತ್ತೆಂಟು ವರ್ಷ. ಗುಂಡಿನ ಪಾತ್ರೆ ಹೊತ್ತು ಟ್ಯಾಂಕಿನೊಳಗೆ ಇಳಿದು ಫಿಲಂ ತೆಗೆಯುವ ಕೆಲಸ ಅವನದು. ಹೆಂಡತಿ ಲವೀನಾ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಮದುವೆಯಾಗಿ ವರ್ಷವಾಗಿತ್ತಷ್ಟೆ. ಮನೆ ಜಿಂಜ್‌ನಲ್ಲಿ. ಬೆಳಗ್ಗೆ ಬಂದವನೇ ಮೊದಲು ನನ್ನ ಮೇಜಿನ ಹತ್ತಿರ ನಿಂತು ಎರಡು ಮಾತು ಆಡಿಯೇ ಮುಂದೆ ಹೋಗುತ್ತಿದ್ದ.

ಜೂನ್ ಬರುವ ಹೊತ್ತಿಗೆ ನಗು ನಿಂತಿತು. ಹೊರಗೆ ನಿಂತರೆ ಗಾಳಿ ಒದ್ದೆ ಕಂಬಳಿಯ ಹಾಗೆ ಮೈಮೇಲೆ ಬೀಳುವ ದಿನಗಳು. ಟಿವಿ ಹಾಕಿದರೆ ಕೊಲ್ಲಿಯ ಆಚೆ ದಡದವರು ಬಾಂಬ್ ಮಾಡುತ್ತಾರಂತೆ, ಇಲ್ಲವಂತೆ, ಮಾಡಿದರೆ ಅಮೆರಿಕ ಸುಮ್ಮನಿರುವುದಿಲ್ಲವಂತೆ ಎಂಬ ಮಾತೇ. ನಮ್ಮ ಶೆಡ್ಡಿನಿಂದ ಕೂಗಳತೆಯಲ್ಲೇ ಅಮೆರಿಕದ ಯುದ್ಧ ಹಡಗುಗಳು ನಿಲ್ಲುತ್ತಿದ್ದವು. ಅಂಥ ಜಾಗದಲ್ಲಿ ರಷ್ಯನ್ ಮಾತಾಡುವ ಒಬ್ಬ ಮನುಷ್ಯ ದಿನಾ ಮಧ್ಯಾಹ್ನ ಹಿತ್ತಲಿನ ಗೋಡೆಯ ಬಳಿ, ಬಂದರಿನ ಕಡೆ ಮುಖ ಮಾಡಿ, ಮೀಟರ್ ಹಿಡಿದು ನಿಂತು ನೋಟುಪುಸ್ತಕದಲ್ಲಿ ಬರೆಯುತ್ತಿದ್ದರೆ ಜನ ಏನೆಂದುಕೊಂಡಾರು?

"ಅವನದ್ದು ಏನೋ ಉಂಟು ಮೇಡಂ," ಎಂದ ಲ್ಯಾನ್ಸಿ ಒಂದು ದಿನ, ದನಿ ತಗ್ಗಿಸಿ. "ನಾನು ಕೆಲಸ ಮುಗಿಸಿ ಬಂದ ಕೂಡಲೇ ನನ್ನ ಬೆನ್ನಿಗೇ ಬರ್ತಾನೆ. ಎಲ್ಲಿ ಹೋಗಿದ್ದಿ, ಎಷ್ಟು ಹೊತ್ತು ನಿಂತಿದ್ದಿ ಅಂತ ಕೇಳ್ತಾನೆ. ಇವನಿಗೆ ಯಾಕೆ ಅದೆಲ್ಲ?"

ನಮ್ಮ ಮ್ಯಾನೇಜರ್ ನಾಗರಾಜ್ ಬೆಂಗಳೂರಿನವರು. ಅವರೂ ನನ್ನನ್ನು ಕ್ಯಾಬಿನ್ನಿಗೆ ಕರೆದರು. "ಸುಮಿತ್ರಾ, ಆ ಬೊಲಾತ್ ಮೇಲೆ ಸ್ವಲ್ಪ ಕಣ್ಣಿಡಿ. ಸುಮ್ನೆ ಪ್ರಿಕಾಷನ್ ಅಷ್ಟೇ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮ್ಮೆಲ್ಲರ ವೀಸಾ ಹೋಗುತ್ತೆ."

ಕಣ್ಣಿಡುವುದು ಎಷ್ಟು ಬೇಗ ರೂಢಿಯಾಗುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಅವರು ಎಷ್ಟು ಗಂಟೆಗೆ ಬಂದರು, ಯಾರಿಗೆ ಫೋನ್ ಮಾಡಿದರು, ಊಟಕ್ಕೆ ಯಾಕೆ ಒಬ್ಬರೇ ಹೋದರು, ಎಲ್ಲವನ್ನೂ ಗಮನಿಸತೊಡಗಿದೆ. ಅವರು ನಕ್ಕರೆ ಯಾಕೆ ನಕ್ಕರು ಎಂದು ಅನುಮಾನ, ನಗದಿದ್ದರೆ ಇನ್ನೊಂದು ಅನುಮಾನ. ಜೂನ್ ಕೊನೆಯ ವಾರ ಒಂದು ಮಧ್ಯಾಹ್ನ, ಅವರು ಹೊರಗೆ ಹೋಗಿದ್ದಾಗ, ನಾನು ಅವರ ಮೇಜಿನ ಡ್ರಾಯರ್ ಎಳೆದೆ. ನೀಲಿ ನೋಟುಪುಸ್ತಕ ಅಲ್ಲೇ ಇತ್ತು. ಪುಟದ ತುಂಬ ತಾರೀಖು, ಗಂಟೆ, ಅಂಕಿ, ಪಕ್ಕದಲ್ಲಿ ರಷ್ಯನ್ ಅಕ್ಷರಗಳು. ಓದಲು ಬರದಿದ್ದರೂ ಒಂದು ಅಕ್ಷರ ಮತ್ತೆ ಮತ್ತೆ ಬರುವುದು ಕಂಡಿತು. ಅದರ ಮುಂದೆ ಮೂರು ಕಡೆ ಕೆಂಪು ಶಾಯಿಯ ಗೆರೆ. ಪುಸ್ತಕವನ್ನು ಇದ್ದಲ್ಲೇ ಇಟ್ಟು ನೇರವಾಗಿ ನಾಗರಾಜರಿಗೆ ಹೋಗಿ, ಲ್ಯಾನ್ಸಿ ಹೇಳಿದ್ದನ್ನೂ ಸೇರಿಸಿ ಹೇಳಿದೆ. ಅವರು "ಐ ನ್ಯೂ ಇಟ್" ಎಂದರು. ನನಗೂ ಏನೋ ಸಾಧಿಸಿದ ಹಾಗಾಯಿತು.

ಜುಲೈ ಮಧ್ಯದಲ್ಲಿ ಬಿಲ್ಲೆಗಳ ವರದಿ ಬಂತು. ಹನ್ನೊಂದು ಹೆಸರುಗಳ ಮುಂದೆ ಎಂದಿನ ಸಣ್ಣ ಅಂಕಿಗಳು. ಲ್ಯಾನ್ಸಿಯ ಹೆಸರಿನ ಮುಂದೆ ಇದ್ದದ್ದನ್ನು ನಾನು ಮೂರು ಸಲ ಓದಿದೆ. ವರ್ಷವಿಡೀ ಸೇರಿ ಇಷ್ಟನ್ನು ಮೀರಬಾರದು ಎಂದು ಏನು ಮಿತಿ ಇತ್ತೋ, ಅದರ ಹತ್ತು ಪಟ್ಟು ಒಂದೇ ತಿಂಗಳಲ್ಲಿ.

ನಾಗರಾಜ್ ಆ ಕಾಗದ ನೋಡಿ ಅದನ್ನು ಮೇಜಿನ ಮೇಲೆ ಮಗುಚಿಟ್ಟರು. ಆಮೇಲೆ ಎದ್ದು ಬಾಗಿಲು ಹಾಕಿದರು.

"ಇಂಪಾಸಿಬಲ್. ಇಷ್ಟು ಬಿದ್ದಿದ್ರೆ ಆ ಹುಡುಗ ಹೀಗೆ ಓಡಾಡ್ತಿದ್ನಾ? ಬಿಲ್ಲೆಗೆ ಬಿದ್ದಿದೆ, ಅವನಿಗಲ್ಲ. ಯಾರೋ ಬೇಕಂತಲೇ ಬಿಲ್ಲೆ ತಗೊಂಡು ಹೋಗಿ ಪಾತ್ರೆ ಪಕ್ಕ ಇಟ್ಟಿದ್ದಾರೆ."

"ಯಾರು ಸಾರ್?"

"ನೀವೇ ಹೇಳಿದ್ರಲ್ಲ, ಅವನು ಲ್ಯಾನ್ಸಿ ಬೆನ್ನು ಬಿದ್ದಿದ್ದಾನೆ ಅಂತ. ಆ ನೋಟ್‌ಬುಕ್. ನೀವು ನೋಡಿದ್ದನ್ನ ಒಂದು ಪುಟದಲ್ಲಿ ಬರೆದು ಸೈನ್ ಮಾಡಿ ಕೊಡಿ, ಸಾಕು. ಲ್ಯಾನ್ಸಿಗೆ ಏನೂ ಹೇಳ್ಬೇಡಿ, ಸುಮ್ನೆ ಗಾಬರಿಯಾಗ್ತಾನೆ."

ಬರೆದುಕೊಟ್ಟೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಬಿಲ್ಲೆಯನ್ನು ಬೇಕೆಂದೇ ಕೆಡಿಸಲಾಗಿದೆ ಎಂದು ನನಗನ್ನಿಸುತ್ತದೆ, ಬೊಲಾತ್ ಅವರ ನಡವಳಿಕೆ ಅನುಮಾನಾಸ್ಪದವಾಗಿದೆ ಎಂದು ಬರೆದು ಸಹಿ ಹಾಕಿದೆ. ಮನೆಯಲ್ಲಿ ಗಂಡನಿಗೆ ಹೇಳಿದಾಗ ಅವರು ಪೇಪರಿನಿಂದ ತಲೆ ಎತ್ತಿ, "ಬೊಲಾತ್ ಹಾಗೆ ಮಾಡಿದ್ದನ್ನ ನೀನು ನೋಡಿದ್ಯಾ?" ಎಂದು ಕೇಳಿದರು. ಇಲ್ಲ ಎಂದೆ. ಅವರು ಪೇಪರಿನ ಪುಟ ಮಗುಚಿದರು. ಆ ಪ್ರಶ್ನೆಗೆ ನನಗೆ ಸಿಟ್ಟು ಬಂದಿತ್ತು.

ವಾರದೊಳಗೆ ಬೊಲಾತ್ ಅವರ ವೀಸಾ ರದ್ದು ಮಾಡುವ ಕಾಗದ ಹೊರಟಿತು. ಅದಾಗಿ ಕೆಲವು ದಿನಕ್ಕೆ, ನಾನು ಡಾರ್ಕ್‌ರೂಮಿನಲ್ಲಿ ದ್ರಾವಣದ ಬಾಟಲಿಗಳನ್ನು ಎಣಿಸುತ್ತಿದ್ದಾಗ ಅವರು ಬಾಗಿಲಲ್ಲಿ ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆ.

"ಲ್ಯಾನ್ಸಿಗೆ ಹೇಳಿದಿರಾ?" ಎಂದರು.

"ಏನು?"

"ಅವನ ಅಂಕಿ. ವರದಿ ಬಂದಿದೆ. ಅವನದು ದೊಡ್ಡದು. ನನಗೆ ಗೊತ್ತು. ಅವನಿಗೆ ಹೇಳಿದಿರಾ?"

"ಅದು ಬಿಲ್ಲೆಯ ದೋಷ," ಎಂದೆ.

ಅವರು ಒಳಗೆ ಬಂದು, ಕೆಂಪು ದೀಪದ ಕೆಳಗೆ ಒಂದು ಸ್ಟೂಲು ಎಳೆದುಕೊಂಡು ಕೂತರು. "ಮೇಡಂ, ನೀವು ಫಿಸಿಕ್ಸ್ ಓದಿದ್ದೀರಿ. ಆ ಗುಂಡಿನ ಪಾತ್ರೆ ಯಾವ ಲೋಹದ್ದು, ಗೊತ್ತಾ?"

"ಯುರೇನಿಯಂ. ಸಾರ ತೆಗೆದದ್ದು."

"ಸಾರ ಎಲ್ಲಿಗೆ ಹೋಯಿತು?"

ನನಗೆ ಗೊತ್ತಿತ್ತು. ಎಣ್ಣೆ ಬಸಿದುಕೊಂಡ ಮೇಲೆ ಉಳಿಯುವ ಹಿಂಡಿಯ ಹಾಗೆ, ಬಾಂಬಿಗೆ ಬೇಕಾದ್ದನ್ನು ಬಸಿದ ಮೇಲೆ ಉಳಿದ ಲೋಹ ಅದು. ಕಾಲೇಜಿನ ಪುಸ್ತಕದಲ್ಲಿ ಒಂದು ನಕ್ಷೆಯೂ ಇತ್ತು. ಅಮೆರಿಕಕ್ಕೆ ಒಂದು ಬಣ್ಣದ ಗೆರೆ, ರಷ್ಯಾಕ್ಕೆ ಇನ್ನೊಂದು. ಇವರು ಒಂದು ಮೆಟ್ಟಿಲು ಏರಿದರೆ ಅವರು ಎರಡು. ಪರೀಕ್ಷೆಗೆಂದು ಅದನ್ನು ನಾನು ಚೆಂದವಾಗಿ ಬಿಡಿಸಿದ್ದೆ. ಅದನ್ನು ಬೊಲಾತ್‌ಗೆ ಹೇಳಿದೆ.

"ಆ ನಕ್ಷೆಯಲ್ಲಿ ನಮ್ಮ ಹಳ್ಳಿ ಎಲ್ಲಿತ್ತು?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ನಿಜಕ್ಕೂ ಉತ್ತರ ಬೇಕು ಎನ್ನುವ ಹಾಗೆ ಕೇಳಿದರು.

ಆಮೇಲೆ ಹೇಳತೊಡಗಿದರು. ಅವರ ಹಳ್ಳಿ ಹುಲ್ಲುಗಾವಲಿನ ನಡುವೆ. ಬಾಂಬ್ ಹಾಕಿ ನೋಡುವ ಬಯಲು ಅಲ್ಲಿಂದ ದೂರವಿರಲಿಲ್ಲ. ಲಾರಿಯಲ್ಲಿ ಸೈನಿಕರು ಬರುವರು. ಎಲ್ಲರೂ ಮನೆಯಿಂದ ಹೊರಗೆ ಬನ್ನಿ, ಹಳ್ಳದಲ್ಲಿ ಬೋರಲು ಮಲಗಿ, ಕಣ್ಣು ತೆರೆಯಬೇಡಿ ಎನ್ನುವರು. ಅಮ್ಮ ಬೊಲಾತ್ ಮತ್ತು ತಂಗಿಯ ಮೇಲೆ ತಾನೇ ಕವುಚಿಕೊಳ್ಳುವಳು. ಮುಚ್ಚಿದ ರೆಪ್ಪೆಯೊಳಗೂ ಬೆಳಕು ಬರುತ್ತಿತ್ತು. ನೆಲ ಹಾವಿನ ಹಾಗೆ ಹೊಟ್ಟೆಯ ಕೆಳಗೆ ಹರಿಯುತ್ತಿತ್ತು.

"ಅಮೆರಿಕದವರು ಯಾವುದೋ ದ್ವೀಪದಲ್ಲಿ ದೊಡ್ಡದೊಂದನ್ನು ಸಿಡಿಸಿದರು, ಅದಕ್ಕೆ ನಮ್ಮವರು ಇನ್ನೂ ದೊಡ್ಡದು ಮಾಡಿದರು. ಇದೆಲ್ಲ ನಮಗೆ ಯಾರೂ ಹೇಳಲಿಲ್ಲ. ನಮಗೆ ಗೊತ್ತಿದ್ದದ್ದು ಇಷ್ಟೇ. ಒಂದು ವರ್ಷದ್ದು ಕಪಾಟಿನಿಂದ ಪಾತ್ರೆ ಬೀಳಿಸಿತು. ಮುಂದಿನದು ಕಪಾಟನ್ನೇ ಬೀಳಿಸಿತು. ಕೊನೆಗೆ ಅವರು ಮಾಡಿದ್ದಕ್ಕೆ ನಮ್ಮ ಹುಲ್ಲುಗಾವಲೂ ಸಾಲದಾಯಿತು. ಎಲ್ಲಕ್ಕಿಂತ ದೊಡ್ಡದನ್ನು ಉತ್ತರದ ಹಿಮದ ದ್ವೀಪಕ್ಕೆ ಒಯ್ದರು."

ಪ್ರತಿ ಸಲ ಆದ ಮೇಲೆ ಬಿಳಿ ಕೋಟಿನ ಡಾಕ್ಟರುಗಳು ಬರುತ್ತಿದ್ದರಂತೆ. ದನಗಳ ಕಾಯಿಲೆಯ ತಪಾಸಣೆ ಎಂದು ಹೇಳಿ ಮಕ್ಕಳ ರಕ್ತ ತೆಗೆದುಕೊಳ್ಳುವರು, ಅಳೆಯುವರು, ಬರೆದುಕೊಳ್ಳುವರು. ಔಷಧಿ ಕೊಡುತ್ತಿರಲಿಲ್ಲ, ಏನನ್ನೂ ಹೇಳುತ್ತಿರಲಿಲ್ಲ. ತಂಗಿ ಹನ್ನೊಂದನೇ ವಯಸ್ಸಿಗೆ ರಕ್ತದ ಕಾಯಿಲೆಯಲ್ಲಿ ತೀರಿಕೊಂಡಳು. ದೇಶ ಒಡೆದು ಹಳೇ ಕಡತಗಳು ಹೊರಗೆ ಬಂದಾಗ ಬೊಲಾತ್ ಹೋಗಿ ತಂಗಿಯ ಪುಟ ಹುಡುಕಿಸಿದರು.

"ಇತ್ತು ಮೇಡಂ. ಎಲ್ಲ ಇತ್ತು. ಅವಳು ಸಾಯುವುದಕ್ಕೆ ಮೂರು ವರ್ಷ ಮುಂಚೆಯೇ ಅವರಿಗೆ ಗೊತ್ತಿತ್ತು. ಅಕ್ಷರ ಬಹಳ ಚೆನ್ನಾಗಿತ್ತು. ನಿಮ್ಮ ರಿಜಿಸ್ಟರಿನ ಅಕ್ಷರದ ಹಾಗೆ."

ನೀಲಿ ನೋಟುಪುಸ್ತಕವನ್ನು ನನ್ನ ಮುಂದೆ ಇಟ್ಟರು. ಮತ್ತೆ ಮತ್ತೆ ಬರುತ್ತಿದ್ದ ಆ ಅಕ್ಷರ ರಷ್ಯನ್ನಿನ 'ಲ'. ಲ್ಯಾನ್ಸಿ. ಹಿಡಿಕೆ ಪೂರ್ತಿ ತಿರುಗಿಸಿದರೂ ಆ ಗುಂಡು ಒಮ್ಮೊಮ್ಮೆ ಪಾತ್ರೆಯ ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಒಳಗೆ ಹೋಯಿತೆಂದುಕೊಂಡು ಲ್ಯಾನ್ಸಿ ಪಾತ್ರೆಯ ಪಕ್ಕದಲ್ಲೇ ಕೂತು ಫಿಲಂ ಬಿಚ್ಚುತ್ತಿದ್ದ. ಕೆಂಪು ಗೆರೆ ಎಳೆದ ಮೂರೂ ದಿನ ಪಾತ್ರೆ ವಾಪಸ್ ಬಂದ ಕೂಡಲೇ ಬೊಲಾತ್ ಅಳೆದಿದ್ದರು, ಮೀಟರ್ ಕಿರುಚಿತ್ತು, ಅವರೇ ಉದ್ದನೆಯ ಇಕ್ಕಳದಿಂದ ಕೇಬಲ್ ತಳ್ಳಿ ಸರಿಮಾಡಿದ್ದರು. ಲ್ಯಾನ್ಸಿಗೆ ಹೇಳಹೋದರೆ ಅವನು ಕಿವಿಗೊಡದೆ ಹೊರಟುಬಿಡುತ್ತಿದ್ದ. ನಾಗರಾಜರಿಗೆ ಎರಡು ಸಲ ಹೇಳಿದ್ದರು. ಹಡಗಿನ ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದರಂತೆ ಅವರು.

ಬೊಲಾತ್ ಎದ್ದು ಹೋದ ಮೇಲೂ ನನ್ನ ಅನುಮಾನ ಸಾಯಲಿಲ್ಲ. ವರದಿ ಬಂದ ಮೇಲೆ ಕೂತು ಬರೆದದ್ದಿರಬಹುದಲ್ಲ? ತನ್ನನ್ನು ಉಳಿಸಿಕೊಳ್ಳಲು ಕಟ್ಟಿದ ಕತೆಯಿರಬಹುದಲ್ಲ? ಜೂನ್ ತಿಂಗಳ ಕೆಲಸದ ಹಾಳೆಗಳನ್ನು ತೆಗೆದೆ. ಆ ಮೂರು ತಾರೀಖುಗಳೂ ಶುಕ್ರವಾರ. ಬಂದರಿನಲ್ಲಿ ಜನ ಕಡಿಮೆಯಿರುವ ರಜೆಯ ದಿನವೆಂದು ಲ್ಯಾನ್ಸಿಯನ್ನು ಟ್ಯಾಂಕಿಗೆ ಕಳಿಸಿದ ದಿನಗಳು. ಆಗ ನೆನಪಾಯಿತು. ನಾನು ಕಳ್ಳಿಯ ಹಾಗೆ ಡ್ರಾಯರ್ ಎಳೆದು ನೋಡಿದ್ದು ಜೂನ್ ಕೊನೆಯಲ್ಲಿ. ಆ ಕೆಂಪು ಗೆರೆಗಳು ಆಗಲೇ ಅಲ್ಲಿದ್ದವು. ವರದಿ ಬರಲು ಇನ್ನೂ ಎರಡು ವಾರಕ್ಕೂ ಹೆಚ್ಚಿತ್ತು. ಬೊಲಾತ್ ಹೇಳಿದ್ದು ನಿಜ ಎನ್ನುವುದಕ್ಕೆ ಇಡೀ ಬಹರೈನಿನಲ್ಲಿ ಇದ್ದ ಒಬ್ಬಳೇ ಸಾಕ್ಷಿ ನಾನು. ಅವರ ವಿರುದ್ಧ ಬರೆದುಕೊಟ್ಟವಳೂ ನಾನೇ.

ವರದಿ ನನ್ನ ಕೈಗೆ ಬಂದು ಆ ಹೊತ್ತಿಗೆ ಹದಿನಾರು ದಿನ. ಅದರಲ್ಲಿ ಎರಡು ಶುಕ್ರವಾರಗಳಿದ್ದವು. ಎರಡೂ ಶುಕ್ರವಾರ ಲ್ಯಾನ್ಸಿ ಅದೇ ಪಾತ್ರೆ ಹೊತ್ತುಕೊಂಡು ಹೋಗಿದ್ದ.

ಅಂದು ಸಂಜೆಯೇ ಗಂಡನನ್ನು ಕರೆದುಕೊಂಡು ಜಿಂಜ್‌ನ ಅವರ ಮನೆಗೆ ಹೋದೆ. ಲವೀನಾ ಬಾಗಿಲು ತೆರೆದು, "ಬನ್ನಿ ಬನ್ನಿ ಅಕ್ಕ, ಹೇಳ್ದೆ ಬಂದ್ರಲ್ಲ!" ಎಂದು ಸಂಭ್ರಮಪಟ್ಟಳು. ಕೂತು ನೀರು ಕುಡಿಯುವ ಮೊದಲೇ ವರದಿಯ ವಿಷಯವನ್ನೂ ಬೊಲಾತ್ ಅಳೆದದ್ದನ್ನೂ ಹೇಳಿಬಿಟ್ಟೆ. ನಿಧಾನಕ್ಕೆ ಹೇಳಲು ಹೋದರೆ ಹೇಳಲಾರೆ ಎಂಬ ಹೆದರಿಕೆ.

ಲ್ಯಾನ್ಸಿಗೆ ಮೊದಲು ಅರ್ಥವಾಗಲಿಲ್ಲ. ಲವೀನಾಗೆ ಆಯಿತು. "ಎಷ್ಟು?" ಎಂದಳು. ಅಂಕಿ ಹೇಳಿದೆ. ಅವಳು ಗೋಡೆಗೆ ಒರಗಿ ನಿಂತಳು. ಗಂಡನಿಗೆ ಕೊಂಕಣಿಯಲ್ಲಿ ಎರಡು ಮಾತು ಹೇಳಿದಳು. ಆಮೇಲೆ ಅವನು ನನ್ನ ಕಡೆ ತಿರುಗಿದ.

"ಯಾವಾಗ ಗೊತ್ತಾದ್ದು ಮೇಡಂ?"

"ಹದಿನಾರು ದಿನ ಆಯ್ತು ಲ್ಯಾನ್ಸಿ."

"ದಿನಾ ಬೆಳಿಗ್ಗೆ ನಿಮ್ಮ ಎದುರು ನಿಂತು ಮಾತಾಡ್ತಿದ್ದೆ ಅಲ್ವಾ ನಾನು? ಎಂಥದು ಮೇಡಂ ಇದು? ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

ಅವನ ಕಣ್ಣಲ್ಲಿ ಅಲ್ಲಿಯವರೆಗೆ ಬೊಲಾತ್ ಬಗ್ಗೆ ಇದ್ದ ನೋಟ ಈಗ ನನ್ನ ಕಡೆ ತಿರುಗಿತ್ತು.

ಮರುದಿನ ಎರಡನೇ ಕಾಗದ ಬರೆದೆ. ಮೊದಲ ಕಾಗದ ಸುಳ್ಳೆಂದು, ಡ್ರಾಯರ್ ತೆಗೆದದ್ದನ್ನೂ ಮುಚ್ಚಿಡದೆ, ನೋಟುಪುಸ್ತಕದ ತಾರೀಖುಗಳ ಸಮೇತ ಬರೆದು, ನಾಗರಾಜರಿಗೆ ಒಂದು ಪ್ರತಿ ಕೊಟ್ಟು ಇನ್ನೊಂದನ್ನು ವಿಕಿರಣದ ಕೆಲಸಕ್ಕೆ ಪರವಾನಗಿ ಕೊಡುವ ಸರ್ಕಾರದ ಕಚೇರಿಗೆ ಗಂಡನ ಜತೆ ಹೋಗಿ ಮುಟ್ಟಿಸಿದೆ. ನಾಗರಾಜ್ ಕೂಗಾಡಲಿಲ್ಲ. "ನಿಮ್ಮನ್ನ ನಂಬಿದ್ದೆ," ಎಂದರು. ಅದೇ ಮಾತನ್ನು ನನಗೆ ಹೇಳುವ ಹಕ್ಕು ಇನ್ನಿಬ್ಬರಿಗಿತ್ತು.

ಬೊಲಾತ್ ಅವರ ವೀಸಾ ಅಷ್ಟರಲ್ಲಿ ರದ್ದಾಗಿತ್ತು. ಅದನ್ನು ಹಿಂದಕ್ಕೆ ತಿರುಗಿಸಲು ಆಗಲಿಲ್ಲ. ಹೊರಡುವ ದಿನ ಬೆಳಿಗ್ಗೆ ಅವರ ರೂಮಿಗೆ ಹೋದೆ. ಒಂದೇ ಪೆಟ್ಟಿಗೆ, ಒಂದು ಚೀಲ. ಕ್ಷಮಿಸಿ ಎಂದೆ. ಅವರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಲೇ ಇದ್ದರು.

"ನೀವು ಹೆದರಿದಿರಿ," ಎಂದರು. "ಆ ಬಿಳಿ ಕೋಟಿನವರೂ ಹೆದರಿದ್ದರೋ ಏನೋ. ಅವರು ಕೆಟ್ಟವರು ಎಂದು ಬಹಳ ವರ್ಷ ಅಂದುಕೊಂಡಿದ್ದೆ."

ಕ್ಷಮಿಸಿದೆ ಎಂದು ಹೇಳಲಿಲ್ಲ. ಕೆಳಗೆ ಟ್ಯಾಕ್ಸಿಯವರೆಗೆ ಚೀಲ ಹಿಡಿದುಕೊಳ್ಳಲು ಬಿಟ್ಟರು, ಅಷ್ಟೆ.

ಆಗಸ್ಟ್ ಎರಡನೇ ವಾರ ಸರ್ಕಾರದವರು ಬಂದು ಆ ಪಾತ್ರೆಗೆ ಮೊಹರು ಹಾಕಿ ಒಯ್ದರು. ಕೇಬಲ್ಲಿನ ಕೊಂಡಿ ಸವೆದಿದ್ದದ್ದು ಅವರ ಪರೀಕ್ಷೆಯಲ್ಲಿ ಗೊತ್ತಾಯಿತು. ಲ್ಯಾನ್ಸಿಯ ರಕ್ತದಲ್ಲಿ ಬಿಳಿ ಕಣಗಳು ಇಳಿದಿದ್ದವು. ಲವೀನಾ ವಾರ ವಾರವೂ ಪರೀಕ್ಷೆ ಮಾಡಿಸಿದಳು. ಚಳಿಗಾಲ ಶುರುವಾಗುವ ಹೊತ್ತಿಗೆ ಅವು ಮೊದಲಿನ ಮಟ್ಟಕ್ಕೆ ಬಂದವು. ಮುಂದೆ ಏನೂ ಆಗದು ಎಂದು ಯಾವ ಡಾಕ್ಟರೂ ಬರೆದುಕೊಡಲಿಲ್ಲ. ಅವನನ್ನು ವಿಕಿರಣದ ಕೆಲಸದಿಂದ ತೆಗೆದು ಸ್ಟೋರಿಗೆ ಹಾಕಿದರು. ನಾಗರಾಜ್ ಬೇರೆ ದೇಶದ ಶಾಖೆಗೆ ಹೋದರು. ನನಗೆ ಸೆಪ್ಟೆಂಬರ್ ಕೊನೆಯವರೆಗೆ ಕೆಲಸ, ಆಮೇಲೆ ಬೇಡ ಎಂದು ಕಾಗದ ಬಂತು.

ಕೊನೆಯ ವಾರ ಹಿಂದಿನ ತಿಂಗಳುಗಳ ವರದಿಗಳನ್ನೆಲ್ಲ ಹರಡಿಕೊಂಡು, ಒಬ್ಬೊಬ್ಬರನ್ನೇ ಕರೆದು ಅವರವರ ಅಂಕಿ ಓದಿ ಹೇಳಿದೆ. ಒಬ್ಬ ರಾಜಸ್ಥಾನಿ ಸಹಾಯಕ, "ಇದು ಒಳ್ಳೇದಾ ಕೆಟ್ಟದ್ದಾ ಮೇಡಂ?" ಎಂದು ಹಿಂದಿಯಲ್ಲಿ ಕೇಳಿದ. ಒಳ್ಳೆಯದು ಎಂದಾಗ ಕೈ ಮುಗಿದ, ನಾನೇ ಏನೋ ಕೊಟ್ಟ ಹಾಗೆ. ಎಲ್ಲರಿಗೂ ಹೇಳಿ ಮುಗಿಸುವಾಗ ಲ್ಯಾನ್ಸಿ ಬಂದು ಬಾಗಿಲಲ್ಲಿ ನಿಂತ. ಎರಡು ತಿಂಗಳಿಂದ ಅವನು ನನ್ನ ಮೇಜಿನ ಹತ್ತಿರ ಬಂದಿರಲಿಲ್ಲ.

"ಬೊಲಾತಂದು ಅವನಿಗೆ ಹೇಳಿದ್ರಾ?"

"ಅವರ ಫೋನ್ ನಂಬರ್ ಇಲ್ಲ ನನ್ನ ಹತ್ರ."

ಅವನು ಜೇಬಿನಿಂದ ಮೊಬೈಲ್ ತೆಗೆದ. "ನನ್ನತ್ರ ಉಂಟು. ಪ್ರತಿ ಆದಿತ್ಯವಾರ ಮಾಡ್ತೇನೆ. ನನ್ನ ರಕ್ತದ ರಿಪೋರ್ಟ್ ಕೇಳ್ತಾನೆ ಅವ." ನಂಬರ್ ಒತ್ತಿ, ಫೋನನ್ನು ನನ್ನ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಬಹಳ ಹೊತ್ತು ರಿಂಗಾದ ಮೇಲೆ ಆ ಕಡೆಯಿಂದ ಅವರ ದನಿ ಬಂತು. ನಾನು ಸುಮಿತ್ರಾ ಎಂದೆ. ನಿಮ್ಮ ಬಿಲ್ಲೆಯ ವರದಿ ಬಂದಿದೆ, ಓದಲೇ ಎಂದು ಕೇಳಿದೆ. ಓದಿ ಎಂದರು. ಮೇ ತಿಂಗಳದ್ದು, ಜೂನ್‌ದು, ಜುಲೈದು ಓದಿದೆ. ಮೂರೂ ಸಣ್ಣ ಅಂಕಿಗಳು, ಹೆಚ್ಚುಕಡಿಮೆ ಸೊನ್ನೆ.

"ಇನ್ನೊಂದು ಸಲ," ಎಂದರು.

ಇನ್ನೊಂದು ಸಲ ನಿಧಾನವಾಗಿ ಓದಿದೆ. ಆ ಕಡೆ ಪೆನ್ನಿನ ಸದ್ದು ಕೇಳಿಸಿತು. ಬರೆದುಕೊಂಡರು. ಆಮೇಲೆ, "ಮೇಡಂ, ನಾನು ಆರು ವರ್ಷದವನಿದ್ದಾಗಿಂದ ಜನ ನನ್ನನ್ನು ಅಳೆಯುತ್ತಿದ್ದಾರೆ," ಎಂದರು. "ಎಷ್ಟು ಬಂತು ಅಂತ ನನಗೇ ಹೇಳಿದ್ದು ಇವತ್ತೇ ಮೊದಲು."